ಪುಟ್ಟಣ್ಣನವರ ಸಿನಿಮಾದಲ್ಲಿ ಹಾಡಿಗೆ ಎದ್ದು ಹೋಗುವಂತಿರಲಿಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಗೆ ಸಿನಿಮಾಕ್ಕಿಂತ ಮೊದಲು ಬರುತ್ತಿದ್ದದ್ದು ಸಿನಿಮಾದ ಹಾಡು. ನಡುಮನೆಯ ಗೂಡಿನಲ್ಲಿ ರೇಡಿಯೋ ಇತ್ತು. ಚಿತ್ರಗೀತೆ ಬರುವ ಹೊತ್ತಿಗೆ ಅತ್ತೆ ಅಕ್ಕಿ ಆರಿಸುವ ಮೊರ ಹಿಡಿದು ಅದರ ಕೆಳಗೆ ಕೂರುತ್ತಿದ್ದರು. ನಮ್ಮೂರಿನ ಟೆಂಟಿಗೆ ಒಂದು ಸಿನಿಮಾ ಬರಬೇಕಾದರೆ ಬೆಂಗಳೂರಿನಲ್ಲಿ ಅದು ಹಳೆಯದಾಗಿರಬೇಕಿತ್ತು. ಅಷ್ಟರಲ್ಲಿ ಅದರ ಹಾಡುಗಳೆಲ್ಲ ನಮಗೆ ಬಾಯಿಪಾಠ.

ಟೆಂಟಿನಲ್ಲಿ ಒಂದು ವಾಡಿಕೆ ಇತ್ತು. ಪರದೆಯ ಮೇಲೆ ಹಾಡು ಶುರುವಾದರೆ ಗಂಡಸರು ಬೀಡಿ ಸೇದಲು ಎದ್ದು ಹೊರಗೆ ಹೋಗುತ್ತಿದ್ದರು. ಹಾಡು ಮುಗಿಯುವ ತನಕ ಕಥೆ ಅಲ್ಲೇ ನಿಂತಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಹಾಗೆ ಎದ್ದು ಹೋದವರು ವಾಪಸ್ ಬಂದು ಪಕ್ಕದವರನ್ನು "ಏನಾಯ್ತು?" ಅಂತ ಕೇಳಬೇಕಾಗುತ್ತಿತ್ತು. ಅವರು ಹೊರಗಿದ್ದಾಗಲೇ ಕಥೆ ಮುಂದೆ ಹೋಗಿರುತ್ತಿತ್ತು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ. ಅವರ ಹಾಡುಗಳನ್ನು ನಾವೆಲ್ಲ ರೇಡಿಯೋದಲ್ಲಿ ಸಾವಿರ ಸಲ ಕೇಳಿದ್ದೇವೆ. ಅವುಗಳ ಒಳಗೆ ಅವರು ಏನು ಇಟ್ಟಿದ್ದರು?

ಪುಟ್ಟಣ್ಣ ಹುಟ್ಟಿದ್ದು 1933ರಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಸಿನಿಮಾ ಕಲಿತದ್ದು ಬಿ.ಆರ್. ಪಂತುಲು ಅವರ ಬಳಿ, ಸಹಾಯಕರಾಗಿ. ಸ್ವತಂತ್ರವಾಗಿ ಮೊದಲು ನಿರ್ದೇಶಿಸಿದ್ದು ಕನ್ನಡ ಸಿನಿಮಾ ಅಲ್ಲ, 1964ರ ಮಲಯಾಳಂ 'ಸ್ಕೂಲ್ ಮಾಸ್ಟರ್'. ಕನ್ನಡಕ್ಕೆ ಬಂದದ್ದು 1967ರಲ್ಲಿ, 'ಬೆಳ್ಳಿಮೋಡ'ದ ಮೂಲಕ. ಅಲ್ಲಿಂದ 1985ರ ಜೂನ್‌ನಲ್ಲಿ ತೀರಿಕೊಳ್ಳುವವರೆಗೆ, ಬರೀ 18 ವರ್ಷ. ಆಗ ಅವರಿಗೆ 51. ನಾವು ಅವರದ್ದು ಅಂತ ನೆನೆಯುವ ಕನ್ನಡ ಸಿನಿಮಾಗಳೆಲ್ಲ ಬಂದದ್ದು ಇಷ್ಟರಲ್ಲೇ.

'ಬೆಳ್ಳಿಮೋಡ' ತ್ರಿವೇಣಿಯವರ ಕಾದಂಬರಿ. ಮಲೆನಾಡಿನ ತೋಟದ ಮನೆ. ಒಬ್ಬಳೇ ಮಗಳು ಇಂದಿರಾ. ಆಸ್ತಿಯೆಲ್ಲ ಅವಳದೇ ಅಂತ ನಂಬಿದ ಹುಡುಗ ಮೋಹನ ಮದುವೆಗೆ ಒಪ್ಪಿ, ಅವಳ ಅಪ್ಪನ ದುಡ್ಡಿನಲ್ಲೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿ ಈಗ ಮಗನಿಗೆ. ಮೋಹನನ ಪ್ರೀತಿಯೂ ಕರಗುತ್ತದೆ. ಮುಂದೆ ಅವನಿಗೆ ಪೆಟ್ಟಾದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನು ಮನಸ್ಸು ಬದಲಾಯಿಸಿ ಮದುವೆಗೆ ಕೇಳಿದಾಗ, ಬೇಡ ಅನ್ನುತ್ತಾಳೆ. ನಾಯಕಿ ನಾಯಕನಿಗೆ "ಬೇಡ" ಅಂದಳು ಅಂತ ಸಿನಿಮಾ ಮುಗಿಯುವುದು ಆಗ ಎಂಥ ಧೈರ್ಯದ ಮಾತು, ಸ್ವಲ್ಪ ಯೋಚಿಸಿ.

ಈ ಸಿನಿಮಾದಲ್ಲೇ ಬೇಂದ್ರೆಯವರ 'ಬೆಳಗು' ಕವಿತೆ ಬರುತ್ತದೆ. 'ಮೂಡಲ ಮನೆಯ ಮುತ್ತಿನ ನೀರಿನ'. ವಿಜಯಭಾಸ್ಕರ್ ಸಂಗೀತ, ಎಸ್. ಜಾನಕಿಯವರ ದನಿ. ಸುಮ್ನೆ ಕಣ್ಮುಚ್ಚಿ ಕೇಳಿದರೆ ಅದು ಬೆಳಗಿನ ವರ್ಣನೆ. ಕಥೆಯೊಳಗೆ ಕೂತು ಕೇಳಿದರೆ, ಬದುಕು ಇನ್ನೂ ಒಡೆಯದ ಒಬ್ಬ ಹುಡುಗಿಯ ಮನಸ್ಸು. ಆ ಬೆಳಗನ್ನು ನಾವು ನೋಡಿರುತ್ತೇವೆ. ಅದಕ್ಕೇ ಮುಂದೆ ಆ ಮನೆಯೊಳಗೆ ಕತ್ತಲು ತುಂಬಿದಾಗ ನಮಗೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ತ್ರಿವೇಣಿಯವರು ಈ ಸಿನಿಮಾ ನೋಡಲಿಲ್ಲ. ಅವರು 1963ರಲ್ಲೇ ಹೋಗಿಬಿಟ್ಟಿದ್ದರು.

1969ರ 'ಗೆಜ್ಜೆಪೂಜೆ'ಗೆ ಬಂದರೆ, ಅದು ಎಂ.ಕೆ. ಇಂದಿರಾ ಅವರ ಕಾದಂಬರಿ. ವೇಶ್ಯೆಯ ಮನೆಯಲ್ಲಿ ಬೆಳೆದ ಚಂದ್ರಾ ಎಲ್ಲರ ಹಾಗೆ ಓದಬೇಕು, ಮದುವೆಯಾಗಬೇಕು ಅಂದುಕೊಳ್ಳುತ್ತಾಳೆ. 'ಗಗನವು ಎಲ್ಲೋ ಭೂಮಿಯು ಎಲ್ಲೋ' ಅಂತ ಅವಳು ಹಾಡುವಾಗ ರೇಡಿಯೋದಲ್ಲಿ ಕೇಳುವ ನಮಗೆ ಅದು ಬರೀ ಖುಷಿಯ ಹಾಡು. ಪರದೆಯ ಮುಂದೆ ಕೂತವರಿಗೆ ಅವಳ ಮನೆ ಯಾವುದು ಅಂತ ಗೊತ್ತು. ಆ ನಗು ಎಷ್ಟು ದಿನ ಅಂತ ಎಣಿಸುತ್ತಲೇ ಹಾಡು ನೋಡುತ್ತೇವೆ. ಹಾಡಿನಲ್ಲಿ ಒಂದೇ ಒಂದು ದುಃಖದ ಮಾತಿಲ್ಲದೆ ಕಣ್ಣಲ್ಲಿ ನೀರು ತರಿಸುವುದು ಸುಲಭ ಅಲ್ಲ. ಈ ಸಿನಿಮಾದ ಚಿತ್ರಕಥೆಗೆ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಈಗ 'ಶರಪಂಜರ'. 1971. ಇದೂ ತ್ರಿವೇಣಿಯವರ ಕಾದಂಬರಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಕಾವೇರಿ ಪ್ರೀತಿಸಿ ಮದುವೆಯಾದವಳು. ಒಳ್ಳೆಯ ಗಂಡ, ಚೆಂದದ ಮನೆ. ಎರಡನೇ ಹೆರಿಗೆ ಆದ ಮೇಲೆ ಅವಳ ಮನಸ್ಸು ತಪ್ಪುತ್ತದೆ. ಬಾಣಂತಿಯರಿಗೆ ಹೀಗಾಗುವುದುಂಟು, ಅದು ಕಾಯಿಲೆ, ಅದಕ್ಕೆ ಔಷಧಿ ಇದೆ ಅಂತ ಇವತ್ತು ನಾವು ಸ್ವಲ್ಪವಾದರೂ ತಿಳಿದಿದ್ದೇವೆ. ಆಗ ಅದನ್ನು ದೆವ್ವ, ಗಾಳಿ ಅನ್ನುತ್ತಿದ್ದವರೇ ಜಾಸ್ತಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅದನ್ನು ಕಾಯಿಲೆಯಾಗಿಯೇ ಬರೆದರು. ಪುಟ್ಟಣ್ಣ ಅದನ್ನು ಕಾಯಿಲೆಯಾಗಿಯೇ ತೋರಿಸಿದರು. ಕಾವೇರಿ ಆಸ್ಪತ್ರೆಗೆ ಹೋಗುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ನಿಜವಾದ ಕಥೆ ಶುರುವಾಗುವುದೇ ಆಮೇಲೆ. ಅವಳಿಗೆ ವಾಸಿಯಾಗಿದೆ ಅಂತ ಯಾರೂ ನಂಬುವುದಿಲ್ಲ. ನಕ್ಕರೆ ಅನುಮಾನ, ಸಿಟ್ಟು ಬಂದರೆ ಅನುಮಾನ. ಗಂಡ ಬೇರೆ ಹೆಂಗಸಿನ ಕಡೆ ತಿರುಗಿದ್ದಾನೆ.

ಆ ಸಿನಿಮಾದಲ್ಲಿ ಕಾವೇರಿ ಹಾಡುವ ಹಾಡು 'ಹದಿನಾಲ್ಕು ವರುಷ ವನವಾಸದಿಂದ'. ಬರೆದವರು ಪುಟ್ಟಣ್ಣನವರ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ. ಹಾಡಿದವರು ಪಿ. ಸುಶೀಲಾ. ಕೇಳಿದರೆ ಸೀತೆಯ ಹಾಡು. ಭಜನೆಯಲ್ಲಿ, ಆರತಿಯ ಹೊತ್ತಿನಲ್ಲಿ ಹೆಂಗಸರು ಹಾಡಿಕೊಳ್ಳಬಹುದಾದ ಹಾಡು. ಆದರೆ ಹಾಡುತ್ತಿರುವವಳು ಯಾರು? ಅವಳೂ ವನವಾಸ ಮುಗಿಸಿ ಮನೆಗೆ ಬಂದವಳೇ. ಅವಳನ್ನೂ ಮನೆಯವರೇ ಅನುಮಾನದಿಂದ ನೋಡುತ್ತಿದ್ದಾರೆ. ನನ್ನ ಗತಿ ಹೀಗಾಯಿತು ಅಂತ ಬಾಯಿಬಿಟ್ಟು ಹೇಳಿದರೆ 'ನೋಡು, ಮತ್ತೆ ತಲೆ ಕೆಟ್ಟಿತು' ಅನ್ನುತ್ತಾರೆ. ಅದಕ್ಕೇ ಸೀತೆಯ ಹೆಸರಿನಲ್ಲಿ ಹೇಳಿಕೊಳ್ಳುತ್ತಾಳೆ. ನಮ್ಮ ಹೆಂಗಸರು ತಮ್ಮ ಕಷ್ಟವನ್ನು ಬೀಸುವ ಪದದಲ್ಲಿ, ಕುಟ್ಟುವ ಪದದಲ್ಲಿ ಹೇಳಿಕೊಂಡು ಬಂದದ್ದೂ ಹೀಗೇ ಅಲ್ವಾ? ಪುಟ್ಟಣ್ಣನವರಿಗೆ ಈ ಗುಟ್ಟು ಗೊತ್ತಿತ್ತು. ಅವರ ಸಿನಿಮಾದಲ್ಲಿ ಪಾತ್ರ ಮಾತಿನಲ್ಲಿ ಹೇಳಲಾಗದ್ದನ್ನು ಹಾಡಿನಲ್ಲಿ ಹೇಳುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸು ಹಾಗೇ ಆಸ್ಪತ್ರೆಯಿಂದ ವಾಪಸ್ ಬಂದಿದ್ದರು. ಮನೆಯಿಂದ ಹೊರಗೆ ಕಾಣುತ್ತಿದ್ದದ್ದು ಕಡಿಮೆ. ಮಕ್ಕಳಾದ ನಮಗೆ ಆ ಕಡೆ ಹೋಗಬೇಡಿ ಅಂತ ದೊಡ್ಡವರು ಹೇಳಿದ್ದರು. ಟೆಂಟಿಗೆ 'ಶರಪಂಜರ' ಬಂದಾಗ ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಸುತ್ತಲಿನ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಅತ್ತೆ ಅಳಲಿಲ್ಲ. ದಾರಿಯುದ್ದಕ್ಕೂ ಮಾತೂ ಆಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಹೂವು, ಎಲೆ, ಅಡಿಕೆ ಇಟ್ಟುಕೊಂಡು ಆ ಮನೆಯ ಬಾಗಿಲು ತಟ್ಟಿದರು. "ಸಂಜೆ ನಮ್ಮನೆಗೆ ಅರಿಸಿನ ಕುಂಕುಮಕ್ಕೆ ಬನ್ನಿ ಅಕ್ಕಾ" ಅಂದರು. ನಾನು ಅತ್ತೆಯ ಸೀರೆ ಹಿಡಿದು ನಿಂತಿದ್ದೆ. ಆ ಅಕ್ಕ ಬಂದರು. ಆಮೇಲೂ ಬರುತ್ತಿದ್ದರು.

ನಿರ್ದೇಶಕರೊಬ್ಬರ ಬಗ್ಗೆ ಮಾತಾಡುವಾಗ ಎಷ್ಟು ಪ್ರಶಸ್ತಿ, ಎಷ್ಟು ವಾರ ಓಡಿತು ಅಂತ ಲೆಕ್ಕ ಹಾಕುತ್ತೇವೆ. ನನಗೆ ಪುಟ್ಟಣ್ಣ ಅಂದರೆ ಆ ತಟ್ಟೆ ನೆನಪಾಗುತ್ತದೆ.

1972ರಲ್ಲಿ 'ನಾಗರಹಾವು' ಬಂತು. ಅಲ್ಲಿಯವರೆಗೆ ಹೆಣ್ಣಿನ ಮನಸ್ಸಿನ ಕಥೆ ಹೇಳಿದ್ದವರು ಇಲ್ಲಿ ಒಬ್ಬ ಸಿಡುಕು ಹುಡುಗನ ಮನಸ್ಸಿಗೆ ಕೈ ಹಾಕಿದರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಕಥೆ. ರಾಮಾಚಾರಿಯಾಗಿ ವಿಷ್ಣುವರ್ಧನ್, ಜಲೀಲನಾಗಿ ಅಂಬರೀಶ್, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್. ಕಾದಂಬರಿಕಾರರಿಗೆ ಸಿನಿಮಾ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ಬೇಸರಪಟ್ಟರು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಬರೆದವರ ನೋವು ಅರ್ಥವಾಗುತ್ತದೆ. ಆದರೂ ನನ್ನ ಮಟ್ಟಿಗೆ ಆ ಸಿನಿಮಾ ತನ್ನ ಕಾಲ ಮೇಲೆ ತಾನು ನಿಂತಿದೆ.

ಅದರ ಎರಡು ಹಾಡು ತೆಗೆದುಕೊಳ್ಳಿ. 'ಬಾರೆ ಬಾರೆ ಚೆಂದದ ಚೆಲುವಿನ ತಾರೆ' ಪೂರ್ತಿ ಸ್ಲೋ ಮೋಷನ್‌ನಲ್ಲಿದೆ. ಕ್ಯಾಮೆರಾ ಹಿಡಿದವರು ಚಿಟ್ಟಿಬಾಬು. ಹೊಸದೊಂದು ಚಮತ್ಕಾರ ಅಂತ ಜನ ನೋಡಿದರು, ನಿಜ. ಆದರೆ ರಾಮಾಚಾರಿ, ಅಲಮೇಲು ಇಬ್ಬರಿಗೂ ಕಾಲ ಹೀಗೇ ನಿಧಾನವಾಗಿ ಹೋಗಲಿ ಅನ್ನುವ ಆಸೆ. ಕಥೆ ಅವರಿಗೆ ಅಷ್ಟು ಕಾಲ ಕೊಡುವುದಿಲ್ಲ. ಇನ್ನೊಂದು 'ಕನ್ನಡ ನಾಡಿನ ವೀರ ರಮಣಿಯ'. ಚಿತ್ರದುರ್ಗದ ಕೋಟೆಯಲ್ಲಿ, ಒನಕೆ ಹಿಡಿದ ಓಬವ್ವನಾಗಿ ಜಯಂತಿ. ಕಿಂಡಿಯಿಂದ ಒಬ್ಬೊಬ್ಬನೇ ತಲೆ ಹಾಕುವ ಹೈದರಾಲಿಯ ಸೈನಿಕರು. ರಾಮಾಚಾರಿಯ ಪ್ರೇಮಕ್ಕೂ ಓಬವ್ವನಿಗೂ ನೇರ ನಂಟಿಲ್ಲ. ಆದರೆ ಆ ಹುಡುಗನ ಮೈಯಲ್ಲಿ ಯಾವ ನೆಲದ ಬಿಸಿ ಇದೆ ಅಂತ ಆ ಹಾಡು ಹೇಳಿಬಿಡುತ್ತದೆ. ಇವತ್ತು ದುರ್ಗ ನೋಡಲು ಹೋದವರು ಓಬವ್ವನ ಕಿಂಡಿಯ ಮುಂದೆ ನಿಂತರೆ ಬಾಯಿಗೆ ಬರುವುದು ಅದೇ ಸಾಲು.

1973ರ 'ಎಡಕಲ್ಲು ಗುಡ್ಡದ ಮೇಲೆ' ಭಾರತೀಸುತರ ಕಾದಂಬರಿ. ಯುದ್ಧದಲ್ಲಿ ಗಾಯಗೊಂಡ ಗಂಡ, ದೇಹದ ಹಸಿವನ್ನು ಯಾರಿಗೂ ಹೇಳಲಾಗದ ಹೆಂಡತಿ ಮಾಧವಿ. 'ವಿರಹಾ ನೂರು ನೂರು ತರಹ' ಅಂತ ಎಸ್. ಜಾನಕಿ ಹಾಡಿದ್ದನ್ನು ಎಷ್ಟೋ ಮನೆಗಳಲ್ಲಿ ಪ್ರೇಮಗೀತೆ ಅಂತ ಕೇಳಿದರು. ಅದು ಮದುವೆಯಾದ ಹೆಣ್ಣೊಬ್ಬಳ ಮೈಮನಸ್ಸಿನ ಮಾತು. ಆ ಮಾತನ್ನು ನಡುಮನೆಯ ರೇಡಿಯೋದವರೆಗೆ ತಂದು, ಯಾರೂ ಮುಖ ತಿರುಗಿಸದ ಹಾಗೆ ಕೇಳಿಸಿದ್ದು ಪುಟ್ಟಣ್ಣ, ವಿಜಯನಾರಸಿಂಹ ಮತ್ತು ಎಂ. ರಂಗರಾವ್.

ಇಲ್ಲಿ ಒಂದು ತಕರಾರನ್ನೂ ಹೇಳಲೇಬೇಕು. ಚಂದ್ರಾ ವಿಷ ತೆಗೆದುಕೊಳ್ಳುತ್ತಾಳೆ. ಕಾವೇರಿ ಮತ್ತೆ ಹುಚ್ಚಿಗೆ ಬೀಳುತ್ತಾಳೆ. ಮಾಧವಿಯ ಕಥೆಯೂ ದುರಂತ. ಗೆರೆ ದಾಟಿದ, ದಾಟಲು ನೋಡಿದ ಹೆಣ್ಣಿಗೆ ಪುಟ್ಟಣ್ಣ ಬದುಕುವ ದಾರಿ ತೋರಿಸಿದ್ದು ಕಡಿಮೆ. 'ಬೆಳ್ಳಿಮೋಡ'ದ ಇಂದಿರಾ ತಲೆಯೆತ್ತಿ ನಿಂತ ಹಾಗೆ ಇನ್ನೂ ನಾಲ್ಕು ಜನ ನಿಲ್ಲಬೇಕಿತ್ತು ಅಂತ ನನಗೆ ಅನಿಸುತ್ತದೆ. ಕೆಲವು ಕಡೆ ಅಳು ಅತಿಯಾಯಿತು, ಮಾತು ಜಾಸ್ತಿಯಾಯಿತು ಅನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಹೆಣ್ಣುಮಕ್ಕಳನ್ನು ಅವರು ಒಮ್ಮೆಯೂ ಕೀಳಾಗಿ ನೋಡಲಿಲ್ಲ. ಸೋತಾಗಲೂ ಕ್ಯಾಮೆರಾ ಅವರ ಪಕ್ಕದಲ್ಲೇ ನಿಂತಿತ್ತು.

ಆಮೇಲಿನ ವರ್ಷಗಳು ಏರಿಳಿತದವು. ರಾಜ್‌ಕುಮಾರ್, ಪೃಥ್ವಿರಾಜ್ ಕಪೂರ್ ಜೊತೆಗಿದ್ದ 'ಸಾಕ್ಷಾತ್ಕಾರ' ಮೊದಲೇ ಬಂದು ಹೋಗಿತ್ತು. 1976ರಲ್ಲಿ ಮೂರು ಸಣ್ಣಕಥೆಗಳನ್ನು ಒಂದೇ ಸಿನಿಮಾ ಮಾಡಿ 'ಕಥಾಸಂಗಮ' ಕೊಟ್ಟರು. ಅದರ 'ಮುನಿತಾಯಿ' ಭಾಗದಲ್ಲಿ ರಜನಿಕಾಂತ್ ಇದ್ದಾರೆ. 1978ರ 'ಪಡುವಾರಳ್ಳಿ ಪಾಂಡವರು' ಮುಂದೆ 'ಹಮ್ ಪಾಂಚ್' ಆಗಿ ಹಿಂದಿಗೆ ಹೋಯಿತು. ತಮಿಳಿನ ಭಾರತಿರಾಜ ಇವರ ಬಳಿ ಸಹಾಯಕರಾಗಿ ಪಳಗಿದವರು. 1981ರ 'ರಂಗನಾಯಕಿ'ಯಲ್ಲಿ ನಾಟಕ ಕಂಪನಿಯ ನಟಿಯಾಗಿ ಆರತಿ ಮಾಡಿದ ಪಾತ್ರ ನನ್ನ ಲೆಕ್ಕದಲ್ಲಿ ಅವರ ಬದುಕಿನ ದೊಡ್ಡ ಪಾತ್ರ.

1982ರ 'ಮಾನಸ ಸರೋವರ'ವನ್ನು 'ಶರಪಂಜರ'ದ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಮನೋವೈದ್ಯನೇ ತನ್ನ ರೋಗಿಯನ್ನು ಪ್ರೀತಿಸಿ, ಕೊನೆಗೆ ತಾನೇ ಮನಸ್ಸು ಕಳೆದುಕೊಳ್ಳುತ್ತಾನೆ. ವಾಸಿ ಮಾಡುವವನೂ ಮನುಷ್ಯನೇ. ಶ್ರೀನಾಥ್ ಆ ಪಾತ್ರ ಮಾಡಿದರು. ಇಲ್ಲೂ ಕವಿಯೊಬ್ಬರು ನೆರವಿಗೆ ಬಂದರು, ಜಿ.ಎಸ್. ಶಿವರುದ್ರಪ್ಪ. 'ವೇದಾಂತಿ ಹೇಳಿದನು', 'ಹಾಡು ಹಳೆಯದಾದರೇನು' ಎರಡೂ ಅವರ ಕವಿತೆಗಳು. ಪುಸ್ತಕದಲ್ಲಿದ್ದ ಕವಿತೆ ಹೊಲದಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಹಾಡಾಗಿ ಓಡಾಡಿತು.

ಕೊನೆಯ ಸಿನಿಮಾ 'ಮಸಣದ ಹೂವು'. ಮತ್ತೆ ತ.ರಾ.ಸು. ಕಾದಂಬರಿ. ಹಳೆಯ ಮುನಿಸೇನೂ ಅಡ್ಡ ಬಂದಿರಲಿಲ್ಲ. ಸಿನಿಮಾ ಮುಗಿಯುವ ಮೊದಲೇ ಪುಟ್ಟಣ್ಣ ಹೊರಟುಹೋದರು. ಉಳಿದದ್ದನ್ನು ಪೂರ್ತಿ ಮಾಡಿದವರು ಕೆ.ಎಸ್.ಎಲ್. ಸ್ವಾಮಿ, ನಾವು ರವಿ ಅನ್ನುತ್ತಿದ್ದವರು. 1975ರ 'ಶುಭಮಂಗಳ'ದಲ್ಲಿ 'ಸೂರ್ಯಂಗೂ ಚಂದ್ರಂಗೂ ಬಂದಾರೆ ಮುನಿಸು' ಹಾಡಿದ ದನಿ ಅವರದೇ.

ಆ ಕೊನೆಯ ಸಿನಿಮಾದಲ್ಲಿ ಒಬ್ಬ ಹೊಸ ಹುಡುಗಿಯನ್ನು ಪುಟ್ಟಣ್ಣ ಪರದೆಗೆ ತಂದಿದ್ದರು. ಹೆಸರು ಅಪರ್ಣಾ. ಮುಂದೆ ಆಕಾಶವಾಣಿಯಲ್ಲಿ ನೀವು ಅವರ ಅಚ್ಚಕನ್ನಡ ಕೇಳಿದ್ದೀರಿ. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಹೇಳಿದ ದನಿಯೂ ಅವರದೇ. 2024ರ ಜುಲೈನಲ್ಲಿ ಅವರೂ ಹೋದರು. ಇವಳು ಪಾತ್ರ ಮಾಡಬಲ್ಲಳು ಅಂತ ಆ ಹುಡುಗಿಯನ್ನು ನಂಬಿ ಪರದೆಗೆ ತಂದವರು ಪುಟ್ಟಣ್ಣ.

ನಮಸ್ಕಾರ.