ಫ್ಯೂರಿ: ಬೇಟೆಗೆಂದೇ ಕಟ್ಟಿದ ಜೀವಿ

ಸ್ನೇಹಿತರೇ, ಅತಿಮಾನವರನ್ನು ಬೇಟೆಯಾಡಲೆಂದೇ ತಯಾರಾದವು ಕಾಮಿಕ್ಸ್ ಲೋಕದಲ್ಲಿ ಹಲವಾರಿವೆ. 1965ರ ಎಕ್ಸ್-ಮೆನ್ 14ನೇ ಸಂಚಿಕೆಯಲ್ಲೇ ಬೊಲಿವರ್ ಟ್ರಾಸ್ಕ್ ಕಟ್ಟಿದ ಸೆಂಟಿನೆಲ್ ರೋಬೋಗಳು ಬಂದವು. ಮನುಷ್ಯರನ್ನು ಕಾಪಾಡಬೇಕಾದರೆ ಅವರನ್ನು ಆಳಲೇಬೇಕು ಎಂದು ತೀರ್ಮಾನಿಸಿ ಅವು ಟ್ರಾಸ್ಕ್‌ನ ಮೇಲೇ ತಿರುಗಿಬಿದ್ದವು. ಕ್ಯಾಪ್ಟನ್ ಬ್ರಿಟನ್ ಎಂಬ ಸೂಪರ್‌ಹೀರೋನ ಕಥೆಯಲ್ಲಿ ಬರುವ ಫ್ಯೂರಿ ಹಾಗಲ್ಲ. ಕೊಟ್ಟ ಆದೇಶವನ್ನು ಅದು ಎಳ್ಳಷ್ಟೂ ಮೀರಲಿಲ್ಲ. ನನ್ನ ಮಟ್ಟಿಗೆ ಅದರ ಭೀಕರತೆ ಇರುವುದೇ ಅಲ್ಲಿ.

1982ರಲ್ಲಿ, ಬ್ರಿಟನ್ನಿನ ಕಪ್ಪುಬಿಳುಪು ಮಾಸಿಕವೊಂದರ ಕೆಲವೇ ಪುಟಗಳ ಕ್ಯಾಪ್ಟನ್ ಬ್ರಿಟನ್ ಕಂತಿನಲ್ಲಿ ಲೇಖಕ ಅಲನ್ ಮೂರ್ ಮತ್ತು ಚಿತ್ರಕಾರ ಅಲನ್ ಡೇವಿಸ್ ಇದನ್ನು ತಂದರು. ಕಥೆಯೊಳಗೆ ಇದರ ನಿರ್ಮಾತೃ ಜಿಮ್ ಜಾಸ್ಪರ್ಸ್. ವಾಸ್ತವವನ್ನೇ ಮನಬಂದಂತೆ ತಿರುಚಬಲ್ಲವನು. ತನ್ನನ್ನು ತಡೆಯಬಲ್ಲ ಅತಿಮಾನವರೆಲ್ಲ ಸಾಯಲಿ ಎಂದು ಅರ್ಧ ಯಂತ್ರ, ಅರ್ಧ ಜೀವವಾದ ಇದನ್ನು ಕಟ್ಟಿದ. ಅದರ ಆದೇಶದಲ್ಲಿ ಎರಡೇ ಅಂಶ: ಅತಿಮಾನವರನ್ನು ಕೊಲ್ಲು, ಜಾಸ್ಪರ್ಸ್‌ನನ್ನು ಮುಟ್ಟಬೇಡ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವನು ಹೇಳಲೇ ಇಲ್ಲ.

ಇಂಥ ಪಾತ್ರ ಬರೆಯುವವರು ಶಕ್ತಿಗಳ ಪಟ್ಟಿಯಿಂದ ಶುರುಮಾಡುತ್ತಾರೆ. ಅದು ತಪ್ಪು. ಬರೀ ಬಲವಿದ್ದರೆ ಇನ್ನೂ ಬಲಶಾಲಿ ಬಂದ ದಿನ ಕಥೆ ಮುಗಿಯಿತು. ಫ್ಯೂರಿಯ ಬಂಡವಾಳ ಹೊಂದಿಕೆ. ಏಟು ತಿಂದರೆ ಸುತ್ತಲಿನ ವಸ್ತುವನ್ನು ಎಳೆದುಕೊಂಡು ಮೈ ಕಟ್ಟಿಕೊಳ್ಳುತ್ತದೆ. ಮುಂದಿನ ಸಲ ಆ ಏಟಿಗೆ ಸಿದ್ಧವಾಗಿಯೇ ಬರುತ್ತದೆ. ಬಾಯಿಬಿಟ್ಟು ಮಾತಾಡುವುದಿಲ್ಲ, ಬೆದರಿಸುವುದಿಲ್ಲ. ಹಾಗಾಗಿ ಓದುಗನಿಗೆ ಅದರೊಡನೆ ವಾದಿಸುವ ದಾರಿಯೇ ಇಲ್ಲ. ಇನ್ನೊಂದು ಗಮನಿಸಿ: ಅದು ಕಥಾನಾಯಕ ಕ್ಯಾಪ್ಟನ್ ಬ್ರಿಟನ್ನನನ್ನೇ ನಿಜವಾಗಿ ಕೊಲ್ಲುತ್ತದೆ. ಅವನನ್ನು ಮತ್ತೆ ಜೋಡಿಸಿ ಎಬ್ಬಿಸಲು ಮಾಂತ್ರಿಕ ಮರ್ಲಿನ್ನನೇ ಬರಬೇಕಾಯಿತು. ಆ ಸಾವು ಆದಮೇಲೆ ಫ್ಯೂರಿ ಚೌಕಟ್ಟಿನ ಮೂಲೆಯಲ್ಲಿ ಕಂಡರೂ ಸಾಕು, ಎದೆ ಝಲ್ಲೆನ್ನುತ್ತದೆ.

ಇನ್ನು ಆ ಆದೇಶದಲ್ಲಿದ್ದ ಬಿರುಕು. ಈ ಕಥೆಯಲ್ಲಿ ಒಂದನ್ನೊಂದು ಹೋಲುವ ಹಲವು ವಿಶ್ವಗಳಿವೆ. ಫ್ಯೂರಿ ಹುಟ್ಟಿದ ವಿಶ್ವವೇ ನಾಶವಾಗುತ್ತದೆ, ಜಾಸ್ಪರ್ಸ್ ಅದರೊಡನೆ ಅಳಿಯುತ್ತಾನೆ. ಫ್ಯೂರಿ ಮಾತ್ರ ತಪ್ಪಿಸಿಕೊಂಡು ಕ್ಯಾಪ್ಟನ್ ಬ್ರಿಟನ್ನನ ಲೋಕಕ್ಕೆ ದಾಟುತ್ತದೆ. ಅಲ್ಲೂ ಒಬ್ಬ ಜಾಸ್ಪರ್ಸ್ ಇದ್ದಾನೆ! ಅದೇ ಮುಖ, ಅದೇ ಶಕ್ತಿ. ಆದರೆ ಫ್ಯೂರಿಯ ಲೆಕ್ಕ ಸರಳ: ಇವನು ನನ್ನನ್ನು ಮಾಡಿದವನಲ್ಲ, ಇವನಿಗೆ ವಿನಾಯಿತಿ ಇಲ್ಲ. ವಿನಾಯಿತಿ ಇದ್ದದ್ದು ಆ ಒಬ್ಬನಿಗೆ, ಅವನ ಮುಖಕ್ಕಲ್ಲ. ಜಾಸ್ಪರ್ಸ್ ರೂಪದ ಮೇಲೆ ರೂಪ ಬದಲಿಸುತ್ತಾನೆ. ಕೊನೆಗೆ ಫ್ಯೂರಿ ಅವನನ್ನು ವಾಸ್ತವದ ಆಚೆಗಿನ ಶೂನ್ಯಕ್ಕೆ ಎಳೆದೊಯ್ಯುತ್ತದೆ. ತಿರುಚಲು ವಾಸ್ತವವೇ ಇಲ್ಲದ ಕಡೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೂರ್ ಹೆಣೆದ ಗಂಟುಗಳಲ್ಲಿ ನನಗೆ ಇದು ಬಲು ಇಷ್ಟ. ಎದುರಾಳಿಯನ್ನು ಸೋಲಿಸಿದ್ದು ಹೆಚ್ಚಿನ ಬಲವಲ್ಲ, ಸರಿಯಾದ ಜಾಗ.

ಆ ಕಾಳಗ ಫ್ಯೂರಿಯನ್ನೂ ಹಣ್ಣುಮಾಡಿರುತ್ತದೆ. ಅದನ್ನು ಮುಗಿಸುವವಳು ಲಿಂಡಾ ಮೆಕ್‌ಕ್ವಿಲನ್, ಫ್ಯೂರಿಯ ವಿಶ್ವದ್ದೇ ಸೂಪರ್‌ಹೀರೋ ಕ್ಯಾಪ್ಟನ್ ಯುಕೆ. ಗಂಡನನ್ನು ಫ್ಯೂರಿ ಕೊಂದದ್ದನ್ನು ಕಣ್ಣಾರೆ ಕಂಡು, ತನ್ನ ಲೋಕವನ್ನೇ ಬಿಟ್ಟು ಓಡಿಬಂದು, ಅದರ ಹೆಸರಿಗೇ ನಡುಗುತ್ತಿದ್ದವಳು. ಅವಳು ಅದರ ಮೇಲೆ ಹಾರಿ, ಬರಿಗೈಯಲ್ಲಿ, ತುಂಡು ತುಂಡಾಗಿ ಹರಿದುಹಾಕುತ್ತಾಳೆ.