ಹೆಬ್ಬೆರಳಿನ ನೋವು ಮತ್ತು ತೆಂಗಿನ ಬುಡಕ್ಕೆ ಬಿದ್ದ ಮಾತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ. ಕೀಲುಗಳು ಊದಿ ನೋಯುವ ಗೌಟ್ ಎಂಬ ಕಾಯಿಲೆಯ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದಾರೆ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ಯೂರಿಕ್ ಆಸಿಡ್ ಇಳಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನೋವು ಹೋಯಿತೆಂದೂ ನಿಲ್ಲಿಸಬೇಡಿ, ನೋವು ಬಂತೆಂದೂ ನಿಲ್ಲಿಸಬೇಡಿ.

ನಮ್ಮ ತುಮಕೂರಿನ ಬೋರ್‌ವೆಲ್ ನೀರನ್ನು ದಿನವೂ ಕಾಯಿಸಿದರೆ ಹಂಡೆಯೊಳಗೆ ಬಿಳಿಯ ಗಟ್ಟಿ ಪದರ ಕಟ್ಟುತ್ತದಲ್ಲವೇ? ರಕ್ತದಲ್ಲಿ ಯೂರಿಕ್ ಆಸಿಡ್ ಎಂಬ ದೇಹದ ತ್ಯಾಜ್ಯ ಹೆಚ್ಚಾದಾಗ ಕೀಲುಗಳಲ್ಲಿ ಆಗುವುದೂ ಹಾಗೆಯೇ. ಸೂಜಿಯಂಥ ಹರಳುಗಳು ವರ್ಷಗಟ್ಟಲೆ ಸದ್ದಿಲ್ಲದೆ ಕೂಡುತ್ತವೆ. ಅಲೋಪ್ಯೂರಿನಾಲ್ ಎಂಬ ಮಾತ್ರೆ ದೇಹದಲ್ಲಿ ಯೂರಿಕ್ ಆಸಿಡ್ ತಯಾರಾಗುವುದನ್ನೇ ತಗ್ಗಿಸುತ್ತದೆ. ರಕ್ತದಲ್ಲಿ ಅದರ ಮಟ್ಟ ಡೆಸಿಲೀಟರ್‌ಗೆ ಆರು ಮಿಲಿಗ್ರಾಂಗಿಂತ ಕೆಳಗಿಳಿದು ಅಲ್ಲೇ ನಿಂತರೆ ಹಳೆಯ ಹರಳುಗಳು ನಿಧಾನವಾಗಿ ಕರಗುತ್ತವೆ. ಇದು ನೋವಿನ ಮಾತ್ರೆಯಲ್ಲ. ದಯವಿಟ್ಟು ಇದನ್ನು ನೋವಿನ ಮಾತ್ರೆ ಎನ್ನಬೇಡಿ.

ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರ ಕಥೆ ಹೇಳುತ್ತೇನೆ. ಹೊಸತೊಡಕಿನ ಮೂರನೆಯ ದಿನ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಬಂದರು. ಇನ್ನೊಂದು ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆಯ ಅಂಚು ತಗುಲಿದರೂ ಪ್ರಾಣ ಹೋದಂತಾಗುತ್ತಿತ್ತು. ಹಿಂದಿನ ವರ್ಷವೂ ಎರಡು ಸಲ ಹೀಗೇ ಆಗಿತ್ತಂತೆ. ಯೂರಿಕ್ ಆಸಿಡ್ 9.2. ನೋವು ಇಳಿದ ಮೇಲೆ 100 ಮಿಲಿಗ್ರಾಂ ಅಲೋಪ್ಯೂರಿನಾಲ್ ಶುರು ಮಾಡಿದೆ. ಜೊತೆಗೆ ಕಾಲ್ಚಿಸಿನ್ ಎಂಬ ಚಿಕ್ಕ ಮಾತ್ರೆಯನ್ನೂ ಬರೆದುಕೊಟ್ಟೆ. ಅದನ್ನು ಅವರು ಕೊಳ್ಳಲೇ ಇಲ್ಲ, ‘ಎರಡೇಕೆ, ಒಂದೇ ಸಾಕು’ ಎಂದು! ಇಪ್ಪತ್ತನೆಯ ದಿನ ಇನ್ನೊಂದು ಕಾಲು ಊದಿತು. ಮಾತ್ರೆಯೇ ನೋವು ತಂದಿತೆಂದು ಸಿಟ್ಟಾಗಿ ಉಳಿದ ಮಾತ್ರೆಗಳನ್ನೆಲ್ಲ ತೆಂಗಿನ ಬುಡಕ್ಕೆ ಎಸೆದರು. ಆ ಮರಕ್ಕೆ ಗೌಟ್ ಇರಲಿಲ್ಲ, ಪಾಪ.

ಆಗಿದ್ದು ಇಷ್ಟೇ. ಹಂಡೆಯ ಪದರ ಸಡಿಲವಾಗುವಾಗ ಚಕ್ಕೆ ಏಳುತ್ತದೆ. ಹಾಗೆಯೇ ಹರಳು ಕರಗಲು ಶುರುವಾದಾಗ ಕೀಲು ಒಮ್ಮೊಮ್ಮೆ ಕೆರಳುತ್ತದೆ. ಅದಕ್ಕೆಂದೇ ಮೊದಲ ಕೆಲವು ತಿಂಗಳು ಕಾಲ್ಚಿಸಿನ್ ಕೊಡುವುದು. ಮತ್ತೆ ಶುರು ಮಾಡಿದೆವು. ಮೆಲ್ಲಗೆ 300ಕ್ಕೆ ಏರಿಸಿದೆವು, ಯೂರಿಕ್ ಆಸಿಡ್ 5.4ಕ್ಕೆ ಬಂತು, ಒಂದು ವರ್ಷ ನೋವಿಲ್ಲ. ಏನು ಮಾಡಿದರು? ವಾಸಿಯಾಯಿತೆಂದು ನಿಲ್ಲಿಸಿಬಿಟ್ಟರು! ಐದು ತಿಂಗಳಿಗೆ ಮತ್ತೆ ಅದೇ ಒಂಟಿ ಚಪ್ಪಲಿ. ನನಗೂ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಕೊನೆಗೆ ದಾರಿ ಕಂಡುಕೊಂಡವರು ಅವರ ಹೆಂಡತಿ. ಊಟ ಬಿಟ್ಟರೂ ಅವರು ಎಲೆ ಅಡಿಕೆ ಬಿಡುವವರಲ್ಲ. ಆಕೆ ಮಾತ್ರೆಯನ್ನು ಎಲೆ ಅಡಿಕೆ ತಟ್ಟೆಯಲ್ಲೇ ಇಟ್ಟರು. ಊಟವಾದ ಮೇಲೆ ನುಂಗಬೇಕಾದ ಮಾತ್ರೆ ಅದು, ಅಲ್ಲಿಗಿಂತ ಒಳ್ಳೆಯ ಜಾಗವಿಲ್ಲ.

ಗಾಜಿನಾಚೆಯಿಂದ ಸಮಯವಾಯಿತೆಂದು ಕೈ ಆಡಿಸುತ್ತಿದ್ದಾರೆ. ಪಥ್ಯದ ಬಗ್ಗೆ ಬರೆದುಕೊಂಡು ಬಂದಿದ್ದ ಎರಡು ಹಾಳೆ ಜೇಬಿನಲ್ಲೇ ಉಳಿಯಿತು. ಅವರೆಕಾಳು, ಬೇಳೆ ಬಿಟ್ಟು ಕೊರಗಬೇಡಿ. ಬೋಟಿ, ಈಲಿ, ಬಿಯರ್ ಬಿಡಿ. ಮೂತ್ರಪಿಂಡದ ತೊಂದರೆ ಇರುವವರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್ ಎಂಬ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ನಿಲ್ಲಿಸಬೇಡಿ ಎಂದು ಇಷ್ಟು ಹೊತ್ತು ಹೇಳಿದವನೇ ಈಗ ನಿಲ್ಲಿಸಿ ಎನ್ನುತ್ತೇನೆ, ಗಮನವಿಟ್ಟು ಕೇಳಿ. ಅಲೋಪ್ಯೂರಿನಾಲ್ ಶುರು ಮಾಡಿದ ಮೇಲೆ ಮೈಮೇಲೆ ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ, ಆ ಕ್ಷಣವೇ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ. ನಮಸ್ಕಾರ.