ಒಂದು ಫೋನ್, ಇಡೀ ಕ್ಲಾಸ್: ಬಿ.ಎಡ್. ವಿದ್ಯಾರ್ಥಿಗಳಿಗೆ ವೆಬ್ ಟೂಲ್‌ಗಳು

[ನಿರೂಪಕಿ ಕ್ಯಾಮೆರಾ ಎದುರು. ಹಿಂದೆ ಕಪ್ಪುಹಲಗೆ.]

ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬಿ.ಎಡ್. ಎರಡನೇ ವರ್ಷ ಓದ್ತಿದ್ದೀನಿ. ನನ್ನ ವಿಷಯ ಭೌತವಿಜ್ಞಾನ ಮತ್ತು ಗಣಿತ.

2014ರಲ್ಲಿ ಎನ್‌ಸಿಟಿಇ, ಅಂದ್ರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ, ಬಿ.ಎಡ್. ಕೋರ್ಸನ್ನ ಎರಡು ವರ್ಷಕ್ಕೆ ಏರಿಸಿದಾಗ ಐಸಿಟಿಗೂ (ಪಾಠಕ್ಕೆ ಕಂಪ್ಯೂಟರ್, ಇಂಟರ್ನೆಟ್ ಬಳಸೋದು) ಜಾಗ ಕೊಟ್ಟಿತು, 20 ವಾರದ ಶಾಲಾ ಇಂಟರ್ನ್‌ಶಿಪ್ಪನ್ನೂ ಸೇರಿಸಿತು. ಕಾಲೇಜಿನಲ್ಲಿ ಐಸಿಟಿ ಅಸೈನ್‌ಮೆಂಟ್ ಅಂದ್ರೆ ಸಾಮಾನ್ಯವಾಗಿ ಒಂದು ಪಟ್ಟಿ: ಕಹೂಟ್, ಪ್ಯಾಡ್ಲೆಟ್, ಕ್ಯಾನ್ವಾ, ಗೂಗಲ್ ಕ್ಲಾಸ್‌ರೂಮ್, ಒಂದೊಂದಕ್ಕೂ ಉಪಯೋಗ, ಮಿತಿ, ಸ್ಕ್ರೀನ್‌ಶಾಟ್. ಬರೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಟರೆ ಮುಗೀತು.

ಆದ್ರೆ ಇಂಟರ್ನ್‌ಶಿಪ್‌ನಲ್ಲಿ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿಗೆ ಹೋಗಿ ನಿಂತಾಗ ಆ ಪಟ್ಟಿ ಕೈಹಿಡಿಯಲ್ಲ. ಅಲ್ಲಿ ಒಂದು ಪೀರಿಯಡ್ ಇರುತ್ತೆ, ಅದೃಷ್ಟ ಇದ್ರೆ ಒಂದು ಪ್ರೊಜೆಕ್ಟರ್ ಇರುತ್ತೆ, ನಮ್ಮ ಕೈಯಲ್ಲಿ ಒಂದು ಫೋನ್ ಇರುತ್ತೆ. ಮಕ್ಕಳ ಹತ್ರ ಫೋನ್ ಇರಲ್ಲ. ಹಾಗಾಗಿ ಯಾವ ಟೂಲ್ ನೋಡಿದ್ರೂ ನಾನು ಒಂದೇ ಪ್ರಶ್ನೆ ಕೇಳ್ಕೊಳ್ತೀನಿ: ಪರದೆ ಉತ್ತರ ತೋರಿಸೋದಕ್ಕೆ ಮೊದಲು ಮಗು ತಾನೇ ಯೋಚನೆ ಮಾಡಿ ಒಂದು ಊಹೆ ಮಾಡ್ಲೇಬೇಕಾಗುತ್ತಾ? ಆಗುತ್ತೆ ಅಂದ್ರೆ ಆ ಟೂಲ್ ಇಟ್ಕೊಳ್ತೀನಿ. ಮಕ್ಕಳು ಸುಮ್ಮನೆ ಕೂತು ನೋಡಿದ್ರೆ ಸಾಕು ಅನ್ನೋ ಹಾಗಿದ್ರೆ ಎಷ್ಟೇ ಚೆನ್ನಾಗಿದ್ರೂ ಬಿಡ್ತೀನಿ.

ಒಂದು ಪಾಠ ತಗೊಂಡೇ ಇದನ್ನ ನೋಡೋಣ.

[ಪರದೆ: ಬ್ಯಾಟರಿ, ಎರಡು ಬಲ್ಬ್, ತಂತಿ. ಸರಣಿ ಜೋಡಣೆಯ ಚಿತ್ರ.]

ಹತ್ತನೇ ತರಗತಿಯ ವಿದ್ಯುತ್ ಪಾಠ. ಒಂದು ಬ್ಯಾಟರಿಗೆ ಒಂದೇ ಥರದ ಎರಡು ಬಲ್ಬುಗಳನ್ನ ಸರಣಿಯಲ್ಲಿ ಜೋಡಿಸಿದ್ದೀವಿ. ಯಾವುದು ಹೆಚ್ಚು ಬೆಳಗುತ್ತೆ? ಬಾಯಿಬಿಟ್ಟು ಕೇಳಿ ನೋಡಿ. "ಮೊದಲನೇ ಬಲ್ಬ್ ಮಿಸ್, ಅದು ಕರೆಂಟ್ ತಗೊಂಡ್ಬಿಡುತ್ತೆ, ಮಿಕ್ಕಿದ್ದು ಎರಡನೇದಕ್ಕೆ ಹೋಗುತ್ತೆ" ಅನ್ನೋ ಮಕ್ಕಳು ಬೇಕಾದಷ್ಟು ಜನ ಸಿಗ್ತಾರೆ. ಸೂತ್ರ ಬಾಯಿಪಾಠ ಇರುತ್ತೆ, ಲೆಕ್ಕಾನೂ ಸರಿಯಾಗಿ ಮಾಡ್ತಾರೆ. ಆದ್ರೆ ಪ್ರವಾಹ ದಾರಿಯಲ್ಲಿ ಖರ್ಚಾಗಿ ಹೋಗುತ್ತೆ ಅನ್ನೋ ನಂಬಿಕೆ ಒಳಗೆ ಹಾಗೇ ಉಳಿದಿರುತ್ತೆ. ಇದು ನಮ್ಮ ಮಕ್ಕಳದ್ದು ಮಾತ್ರ ಅಲ್ಲ, ಭೌತವಿಜ್ಞಾನ ಕಲಿಸೋವ್ರು ಹಲವು ದೇಶಗಳಲ್ಲಿ ನೋಡಿರೋ ತಪ್ಪು ಕಲ್ಪನೆ.

ಇಲ್ಲಿ ನನಗೆ ಬೇಕಾಗೋದು ಫೆಟ್, ಪರದೆ ಮೇಲೇ ಪ್ರಯೋಗ ಮಾಡಿ ನೋಡೋ ವೆಬ್ ತಾಣ. ಅಮೆರಿಕದ ಕೊಲರಾಡೋ ಬೋಲ್ಡರ್ ವಿಶ್ವವಿದ್ಯಾಲಯದ್ದು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅದರ ಸಿಮ್ಯುಲೇಶನ್‌ಗಳು, ಅಂದ್ರೆ ಈ ಪರದೆ ಪ್ರಯೋಗಗಳು, ಉಚಿತ. ಸ್ವಯಂಸೇವಕರು ಕನ್ನಡಕ್ಕೂ ಅನುವಾದ ಮಾಡಿದ್ದಾರೆ. ಕನ್ನಡದ ಆವೃತ್ತಿ ತೆರೆದಾಗ ಅಲ್ಲಿರೋ ಪದಗಳೂ ಪಾಠಪುಸ್ತಕದ ಪದಗಳೂ ಹೊಂದುತ್ತಾ ಅಂತ ಹಿಂದಿನ ದಿನವೇ ನೋಡ್ಕೊಳ್ಳಿ. ಪುಸ್ತಕದಲ್ಲಿ ರೋಧ, ವಿಭವಾಂತರ ಅಂತ ಓದಿದ ಮಗುವಿಗೆ ಪರದೆ ಮೇಲೆ ಬೇರೆ ಪದ ಕಂಡ್ರೆ ಗಮನ ಅಲ್ಲೇ ತಪ್ಪುತ್ತೆ.

[ಸ್ಕ್ರೀನ್ ರೆಕಾರ್ಡಿಂಗ್: ಫೆಟ್‌ನ ಡಿಸಿ ಸರ್ಕಿಟ್ ಕಿಟ್. ಬಲ್ಬು, ಬ್ಯಾಟರಿ ಎಳೆದು ಜೋಡಿಸುವುದು.]

ನೋಡಿ, 9 ವೋಲ್ಟ್ ಬ್ಯಾಟರಿ ಇಟ್ಟೆ. 10 ಓಮ್‌ನ ಒಂದು ಬಲ್ಬ್. ಪ್ರವಾಹ ಅಳೆಯೋ ಅಮ್ಮೀಟರ್ 0.90 ಆಂಪಿಯರ್ ತೋರಿಸ್ತಿದೆ. ಈಗ ಅಂಥದ್ದೇ ಇನ್ನೊಂದು ಬಲ್ಬನ್ನ ಸರಣಿಗೆ ಸೇರಿಸ್ತೀನಿ. ಇಲ್ಲೇ ನಿಲ್ಲಿಸ್ಬೇಕು. ಸ್ವಿಚ್ ಹಾಕ್ಬೇಡಿ. ಪ್ರೊಜೆಕ್ಟರ್ ಲೆನ್ಸಿಗೆ ಮುಚ್ಚಳ ಹಾಕಿ ಬೇಕಾದ್ರೆ.

ಈಗ ಮಕ್ಕಳಿಂದ ಉತ್ತರ ಬರಬೇಕು, ಇಡೀ ಕ್ಲಾಸಿಂದ. ಕೈ ಎತ್ತಿ ಅಂದ್ರೆ ಮುಂದಿನ ಬೆಂಚಿನ ನಾಲ್ಕು ಜನ ಎತ್ತುತ್ತಾರೆ, ಉಳಿದವ್ರು ಅವರ ಮುಖ ನೋಡಿ ಎತ್ತುತ್ತಾರೆ. ಅದಕ್ಕೇ ಎರಡನೇ ಟೂಲ್, ಪ್ಲಿಕರ್ಸ್.

[ಹತ್ತಿರದ ಶಾಟ್: ನಿರೂಪಕಿಯ ಕೈಯಲ್ಲಿ ಪ್ಲಿಕರ್ಸ್ ಕಾರ್ಡ್. ಕಾರ್ಡನ್ನು ನಿಧಾನಕ್ಕೆ ತಿರುಗಿಸುತ್ತಾಳೆ.]

ಇದು ಬರೀ ಕಾಗದ. ನಡುವೆ ಕಪ್ಪು ಚೌಕಗಳ ಒಂದು ಆಕಾರ, ಒಂದೊಂದು ಕಾರ್ಡಿಗೂ ಬೇರೆ ಬೇರೆ. ನಾಲ್ಕು ಬದಿಯಲ್ಲಿ ಎ, ಬಿ, ಸಿ, ಡಿ ಅಂತ ಚಿಕ್ಕ ಅಕ್ಷರ. ಎಷ್ಟು ಚಿಕ್ಕದು ಅಂದ್ರೆ, ಹಿಡ್ಕೊಂಡವ್ರಿಗೆ ಕಾಣುತ್ತೆ, ಆ ಕಡೆ ಬೆಂಚಿನವ್ರಿಗೆ ಕಾಣಲ್ಲ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರೋ ಹಾಗೆ ಕಾರ್ಡ್ ಎತ್ತಿ ಹಿಡಿಯುತ್ತೆ. ನಾವು ಮುಂದೆ ನಿಂತು, ಫೋನಿನಲ್ಲಿ ಪ್ಲಿಕರ್ಸ್ ಆ್ಯಪ್ ತೆರೆದು, ಕ್ಯಾಮೆರಾವನ್ನ ಕ್ಲಾಸಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಿರುಗಿಸಿದ್ರೆ ಸಾಕು. ಯಾವ ನಂಬರಿನ ಕಾರ್ಡು ಯಾವ ಉತ್ತರ ಅಂತ ನಮ್ಮ ಫೋನಿಗೆ ಬಂದುಬಿಡುತ್ತೆ. ಹಿಂದಿನ ಬೆಂಚಿನಲ್ಲಿ ವರ್ಷವೆಲ್ಲ ಬಾಯಿ ಬಿಡದ ಹುಡುಗಿ ಏನು ಯೋಚಿಸ್ತಿದ್ದಾಳೆ ಅನ್ನೋದೂ ತಿಳಿಯುತ್ತೆ. ನಾನು ಇಷ್ಟು ಟೂಲ್ ನೋಡಿದ್ರಲ್ಲಿ ಇದರಷ್ಟು ನಮ್ಮ ಶಾಲೆಗಳಿಗೆ ಒಪ್ಪೋದು ಇನ್ನೊಂದಿಲ್ಲ ಅಂತ ಧೈರ್ಯವಾಗಿ ಹೇಳ್ತೀನಿ.

ಕಾರ್ಡ್ ಮಾಡಿಸುವಾಗ ಒಂದು ಮಾತು. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸೋಣ ಅನ್ಸುತ್ತೆ. ಹೊಳೆಯೋ ಲ್ಯಾಮಿನೇಶನ್ ಬೇಡ. ಕಿಟಕಿ ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾಗೆ ಆಕಾರ ಕಾಣಲ್ಲ. ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆಸಿ. ಕಪ್ಪು ಭಾಗದ ಮೇಲೆ ಬೆರಳು ಬರಬಾರದು ಅಂತ ಮಕ್ಕಳಿಗೆ ಹೇಳ್ಕೊಡಿ.

ಸರಿ, ಉತ್ತರ ಬಂತು. ಕ್ಲಾಸು ಎರಡು ಪಾಲಾಗಿದೆ ಅಂತಿಟ್ಕೊಳ್ಳಿ. ಆಗ ಸರಿ ಉತ್ತರ ಹೇಳ್ಬೇಡಿ. "ಪಕ್ಕದವ್ರಿಗೆ ನಿಮ್ಮ ಉತ್ತರ ಯಾಕೆ ಸರಿ ಅಂತ ಒಪ್ಪಿಸಿ" ಅಂತ ಎರಡು ನಿಮಿಷ ಬಿಡಿ. ಗಲಾಟೆ ಆಗುತ್ತೆ, ಆಗ್ಲಿ. ಆಮೇಲೆ ಮತ್ತೆ ಕಾರ್ಡ್ ಎತ್ತಿಸಿ. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ 1990ರ ದಶಕದಿಂದ ಭೌತವಿಜ್ಞಾನದ ತರಗತಿಗಳಲ್ಲಿ ಬೆಳೆಸಿದ ಪದ್ಧತಿ ಇದು. ಆಗತಾನೇ ಅರ್ಥ ಮಾಡ್ಕೊಂಡ ಮಗು ಪಕ್ಕದ ಮಗುವಿಗೆ ಹೇಳೋ ರೀತಿ ಕೆಲವೊಮ್ಮೆ ನಮ್ಮ ವಿವರಣೆಗಿಂತ ಚೆನ್ನಾಗಿರುತ್ತೆ, ಯಾಕಂದ್ರೆ ಎಲ್ಲಿ ಎಡವಿದ್ದು ಅನ್ನೋದು ಅದಕ್ಕಿನ್ನೂ ನೆನಪಿರುತ್ತೆ.

[ಸ್ಕ್ರೀನ್ ರೆಕಾರ್ಡಿಂಗ್ ಮುಂದುವರಿಕೆ: ಸ್ವಿಚ್ ಹಾಕುವುದು.]

ಈಗ ಸ್ವಿಚ್ ಹಾಕಿ. ಎರಡೂ ಬಲ್ಬ್ ಒಂದೇ ಸಮ ಬೆಳಗ್ತಿವೆ, ಮೊದಲಿಗಿಂತ ಮಂದವಾಗಿ. ಅಮ್ಮೀಟರನ್ನ ಮೊದಲನೇ ಬಲ್ಬಿನ ಮುಂಚೆ ಇಡಿ: 0.45. ಎರಡರ ಮಧ್ಯೆ ಇಡಿ: 0.45. ಎರಡನೇದರ ಆಚೆ ಇಡಿ: 0.45. ಪ್ರವಾಹ ಎಲ್ಲೂ ಖರ್ಚಾಗಿಲ್ಲ. ಬ್ಯಾಟರಿ ಕೊಟ್ಟ ಶಕ್ತಿ ಬೆಳಕಾಗಿ, ಬಿಸಿಯಾಗಿ ಹೋಗಿದೆ, ಆದ್ರೆ ತಂತಿಯಲ್ಲಿ ಹರಿಯೋ ವಿದ್ಯುದಾವೇಶ ಅಷ್ಟೇ ಇದೆ. ಮೊದಲು ತಪ್ಪು ಊಹೆ ಮಾಡಿದ ಮಗು ಈ ಮೂರು ಸಂಖ್ಯೆ ನೋಡೋ ರೀತಿಯೇ ಬೇರೆ. ಇದೇ ಬಲ್ಬುಗಳನ್ನ ಸಮಾಂತರವಾಗಿ ಜೋಡಿಸಿ, ಮತ್ತೆ ಊಹೆ ಕೇಳಿ. ಒಂದೊಂದರಲ್ಲೂ 0.90, ಬ್ಯಾಟರಿಯಿಂದ ಬರೋದು 1.80.

ಒಂದು ಎಚ್ಚರಿಕೆ. ಸಿಮ್ಯುಲೇಶನ್ ನಿಜವಾದ ಬಲ್ಬಿನ ಜಾಗ ತಗೋಬಾರದು. ಅದರಲ್ಲಿನ ಸಾಮಾನ್ಯ ಬಲ್ಬ್ ಓಮ್‌ನ ನಿಯಮಕ್ಕೆ ಸರಿಯಾಗಿ ನಡೆಯುತ್ತೆ. ನಿಜವಾದ ಟಾರ್ಚ್ ಬಲ್ಬಿನ ತಂತು ಬಿಸಿಯಾದಷ್ಟೂ ರೋಧ ಏರುತ್ತೆ. ಹಾಗಾಗಿ ಎರಡು ಬಲ್ಬ್ ಸರಣಿಯಲ್ಲಿ ಹಾಕಿದಾಗ ಪ್ರವಾಹ ಸರಿಯಾಗಿ ಅರ್ಧಕ್ಕೆ ಇಳಿಯಲ್ಲ, ಸ್ವಲ್ಪ ಜಾಸ್ತಿನೇ ಇರುತ್ತೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದ್ರೆ ಹೋಲ್ಡರ್, ಬಲ್ಬ್, ವೈರು ಎಲ್ಲಾ ಸಿಗುತ್ತೆ. ಮೊದಲು ಅದನ್ನ ಮಕ್ಕಳ ಕೈಗೆ ಕೊಡಿ. ತಂತಿಯೊಳಗೆ ಏನಾಗ್ತಿದೆ ಅಂತ ತೋರಿಸೋಕೆ ಆಮೇಲೆ ಫೆಟ್.

[ನಿರೂಪಕಿ ಮತ್ತೆ ಕ್ಯಾಮೆರಾ ಎದುರು.]

ನೆಟ್ ಕೈಕೊಟ್ರೆ? ಫೆಟ್‌ನ ಎಚ್‌ಟಿಎಂಎಲ್5 ಸಿಮ್ಯುಲೇಶನ್ ಒಂದೇ ಫೈಲ್ ಆಗಿ ಡೌನ್‌ಲೋಡ್ ಆಗುತ್ತೆ. ಪೆನ್‌ಡ್ರೈವ್‌ನಲ್ಲಿ ಹಾಕ್ಕೊಂಡು ಹೋದ್ರೆ ಈಚಿನ ಬ್ರೌಸರ್‌ಗಳಲ್ಲಿ ನೆಟ್ ಇಲ್ಲದೆ ತೆರೆಯುತ್ತೆ. ಪ್ಲಿಕರ್ಸ್‌ಗೆ ಫೋನಿನ ಡೇಟಾ ಸಾಕು. ಪ್ರಶ್ನೆಯನ್ನ ಹಲಗೆ ಮೇಲೆ ಬರೆದ್ರೂ ನಡೆಯುತ್ತೆ.

ಆನ್‌ಲೈನ್ ಕ್ವಿಜ್ ಆಡಿಸೋ ಕಹೂಟ್ ಯಾಕಿಲ್ಲ ಅಂತ ಕೇಳ್ತೀರಿ. ಮಕ್ಕಳಿಗೆ ಒಂದೊಂದು ಫೋನೋ ಟ್ಯಾಬೋ ಬೇಕು ಅನ್ನೋದು ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡ ಕಾರಣ, ಅದರಲ್ಲಿ ಸಾಮಾನ್ಯವಾಗಿ ಸರಿ ಉತ್ತರ ಬೇಗ ಒತ್ತಿದವ್ರಿಗೆ ಹೆಚ್ಚು ಅಂಕ ಬರುತ್ತೆ. ಮನೆಯಲ್ಲಿ ತಮಿಳೋ ಉರ್ದುವೋ ತೆಲುಗೋ ಮಾತಾಡಿ, ಶಾಲೆಯಲ್ಲಿ ಕನ್ನಡ ಓದೋ ಮಕ್ಕಳು ಬೆಂಗಳೂರಲ್ಲಿ ಎಷ್ಟೋ ಜನ ಇದ್ದಾರೆ. ಪ್ರಶ್ನೆ ಓದಿ ಅರ್ಥ ಮಾಡ್ಕೊಳ್ಳೋಕೆ ಅವ್ರಿಗೆ ಸಮಯ ಬೇಕು. ಗೊತ್ತಿದ್ದೂ ಹಿಂದೆ ಬೀಳೋ ಹಾಗೆ ಮಾಡೋದು ನನಗೆ ಸರಿ ಕಾಣಲ್ಲ.

ಸಮಾಜ ವಿಜ್ಞಾನದವ್ರು ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ನೋಡಿ. 1984ರಿಂದ ಈಚೆಗಿನ ಉಪಗ್ರಹ ಚಿತ್ರಗಳು. ವೈಟ್‌ಫೀಲ್ಡ್, ವರ್ತೂರು ಕಡೆ ತೆರೆಯಿರಿ. ಓಡಿಸೋ ಮೊದಲು ಒಂದು ಕಾಗದದ ಮೇಲೆ "ಊರು ಯಾವ ದಿಕ್ಕಿಗೆ ಬೆಳೆದಿರಬಹುದು, ಕೆರೆಗಳು ಏನಾಗಿರಬಹುದು" ಅಂತ ಮಕ್ಕಳ ಕೈಲಿ ಬರೆಸಿ. ಕನ್ನಡದಲ್ಲಿ ಸಂಪನ್ಮೂಲ ಬೇಕಾದ್ರೆ ಪಾಠಪುಸ್ತಕದ ಕ್ಯೂಆರ್ ಕೋಡ್ ಸರ್ಕಾರದ ಕಲಿಕಾ ತಾಣ ದೀಕ್ಷಾಗೆ ಕರ್ಕೊಂಡು ಹೋಗುತ್ತೆ. ನಮ್ಮ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಜೊತೆ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವೂ ಇದೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿರೋ ಹಳೇ ಪ್ರಶ್ನೆಪತ್ರಿಕೆ ಇದ್ಯಾ? ಹಳೇ ನುಡಿ ಅಕ್ಷರಗಳು ಯುನಿಕೋಡ್, ಅಂದ್ರೆ ಎಲ್ಲ ಕಡೆ ಒಂದೇ ಥರ ಓದೋ ಅಕ್ಷರ ಸಂಕೇತ, ಅಲ್ಲ. ಗೂಗಲ್ ಫಾರ್ಮ್‌ಗೆ ಪೇಸ್ಟ್ ಮಾಡಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಬರ್ತವೆ. ನೆಟ್‌ನಲ್ಲಿ ಉಚಿತ ಯುನಿಕೋಡ್ ಪರಿವರ್ತಕಗಳಿವೆ. ಪರಿವರ್ತನೆ ಆದ್ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇದ್ಯಾ ಅಂತ ಒಂದ್ಸಲ ಕಣ್ಣಾಡಿಸಿ.

ಕೊನೆಗೆ, ಮಕ್ಕಳ ಹೆಸರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸೋ ವಿಚಾರದಲ್ಲಿ ಪೋಷಕರ ಒಪ್ಪಿಗೆಗೆ ಕಾಯ್ದೆ ಮಹತ್ವ ಕೊಟ್ಟಿದೆ. ಪ್ಲಿಕರ್ಸ್‌ನಲ್ಲಿ ಹೆಸರು ಹಾಕೋ ಜಾಗದಲ್ಲಿ ರೋಲ್ ನಂಬರ್ ಹಾಕಿ. ಯಾವ ನಂಬರ್ ಯಾರದ್ದು ಅನ್ನೋದು ನಿಮ್ಮ ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರ್ಲಿ. ಮಕ್ಕಳ ಫೋಟೋ ಯಾವ ಟೂಲ್‌ಗೂ ಬೇಕಿಲ್ಲ.

[ಪರದೆ: ಒಂದು ತ್ರಿಭುಜ. ಎರಡು ಬಾಹುಗಳ ಮಧ್ಯಬಿಂದು ಸೇರಿಸುವ ಗೆರೆ.]

ಮುಂದಿನ ವಿಡಿಯೋ ಗಣಿತಕ್ಕೆ, ಆಕೃತಿಗಳನ್ನ ಎಳೆದು ಬದಲಿಸಿ ನೋಡೋ ಟೂಲ್ ಜಿಯೋಜೀಬ್ರಾ. ಅದಕ್ಕೆ ಮೊದಲು ನಿಮಗೊಂದು ಕೆಲಸ. ಈ ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದುಗಳನ್ನ ಸೇರಿಸಿ ಗೆರೆ ಎಳೆದಿದ್ದೀನಿ. ಮೇಲೆ ಉಳಿದ ಪುಟ್ಟ ತ್ರಿಭುಜದ ವಿಸ್ತೀರ್ಣ ದೊಡ್ಡದರ ಎಷ್ಟನೇ ಭಾಗ? ಅರ್ಧವಾ, ಮೂರನೇ ಒಂದು ಭಾಗವಾ, ನಾಲ್ಕನೇ ಒಂದು ಭಾಗವಾ? ಲೆಕ್ಕ ಮಾಡ್ಬೇಡಿ. ನಿಮ್ಮ ಕ್ಲಾಸಿನ ಮಕ್ಕಳು ಏನು ಊಹಿಸ್ತಾರೆ ಅಂತ ಕೇಳಿ, ಬರೆದಿಟ್ಕೊಂಡು ಬನ್ನಿ.